ಎಷ್ಟು ಟನ್ ಅಂತ ಆಮೇಲೆ ಕೇಳಿ: ಅಂಗಡಿ, ಆಫೀಸು, ಛತ್ರಕ್ಕೆ ಎಸಿ ಆರಿಸುವ ಬಗೆ

ಹೋದ ಫೆಬ್ರವರಿಯಲ್ಲಿ ನಮ್ಮ ಭಾವ ಫೋನ್ ಮಾಡಿದ್ದರು. ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ತಿರುಗುವ ಒಂದು ಕ್ರಾಸಿನಲ್ಲಿ ಅವರ ಸೈಟು. ಮೂರು ಅಂತಸ್ತು ಎದ್ದು ನಿಂತಿದೆ. ಕೆಳಗೆ ಬಟ್ಟೆ ಅಂಗಡಿ, ಅದರ ಮೇಲೆ ಹಲ್ಲಿನ ಕ್ಲಿನಿಕ್ಕು ಮತ್ತು ಟ್ಯೂಷನ್ ಸೆಂಟರ್, ತುದಿಯದು ಆಫೀಸಿಗೆ ಬಾಡಿಗೆ.

"ಎಷ್ಟು ಟನ್ ಹಾಕಿಸ್ಬೇಕು ಹೇಳು. ಸಂಜೆ ಎಸಿಯವನು ಕೊಟೇಶನ್ ತರ್ತಾನೆ" ಅಂದರು.

"ಭಾವ, ಟನ್ ಆಮೇಲೆ. ಮೊದಲು ಒಂದು ಹಾಳೆ ತಗೊಳ್ಳಿ. ಯಾವ ರೂಮಲ್ಲಿ ಎಷ್ಟು ಜನ, ಎಷ್ಟೊತ್ತಿನಿಂದ ಎಷ್ಟೊತ್ತಿನವರೆಗೆ ಇರ್ತಾರೆ ಅಂತ ಬರೀರಿ."

"ಎಸಿಗೂ ಅದಕ್ಕೂ ಏನೋ ಸಂಬಂಧ?"

ಸಂಬಂಧ ಇದೆ. ನಾನು ಅದನ್ನು ದುಡ್ಡು ಕಳೆದುಕೊಂಡು ಕಲಿತವನು. ನಮ್ಮದೇ ಕಟ್ಟಡ ಮಾಡಿಸಿದಾಗ ಬಂದಿದ್ದ ಕಂಟ್ರಾಕ್ಟರ್ ಟೇಪು ಹಿಡಿದು ಉದ್ದ ಅಗಲ ಅಳೆದ, "120 ಚದರಡಿಗೆ ಒಂದು ಟನ್ ಸಾರ್, ಕಣ್ಣು ಮುಚ್ಚಿ ಹಾಕಿ" ಅಂದ. ನಾನು ನಿಜಕ್ಕೂ ಕಣ್ಣು ಮುಚ್ಚಿಯೇ ಹಾಕಿದೆ. ಮೊದಲ ಬೇಸಿಗೆಯಲ್ಲೇ ಒಂದು ಮಹಡಿ ಫ್ರಿಜ್ಜಿನ ಹಾಗೆ, ಇನ್ನೊಂದು ಬೆಲ್ಲದ ಆಲೆಮನೆಯ ಹಾಗೆ ಆಗಿತ್ತು. ಆ ಕಥೆಗೆ ಆಮೇಲೆ ಬರುತ್ತೇನೆ.

ಹಾಳೆಯಲ್ಲಿ ಏನು ಬರೆಯಬೇಕು

ಭಾವ ಸಂಜೆಯೊಳಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ಮಗಳ ಲೆಕ್ಕದ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಬಟ್ಟೆ ಅಂಗಡಿ ಬೆಳಿಗ್ಗೆ 10ರಿಂದ ರಾತ್ರಿ 9, ಮಾಮೂಲಿ ದಿನ ಒಂದು ಹೊತ್ತಿಗೆ 15 ಜನ, ಹಬ್ಬ ಮತ್ತು ಮದುವೆ ಸೀಸನ್ನಿನಲ್ಲಿ 50. ಕ್ಲಿನಿಕ್ಕು ಬೆಳಿಗ್ಗೆ 10ರಿಂದ 1, ಮತ್ತೆ ಸಂಜೆ 5ರಿಂದ 8. ಟ್ಯೂಷನ್ ಸಂಜೆ 4:30ರಿಂದ 8, ಬ್ಯಾಚಿಗೆ 60 ಮಕ್ಕಳು. ತುದಿಯ ಮಹಡಿಯ ಮುಂದೆ ಬರೀ ಒಂದು ಪ್ರಶ್ನೆ ಚಿಹ್ನೆ.

ಈ ನಾಲ್ಕು ಸಾಲು ನೋಡಿದ ಮೇಲೆ ಅರ್ಧ ಕೆಲಸ ಮುಗಿದ ಹಾಗೆ. ಅಂಗಡಿಯಲ್ಲಿ ಎಸಿ ದಿನವಿಡೀ ಓಡುತ್ತದೆ, ಆದರೆ ಜೋರು ಒಂದೇ ಸಮ ಇರುವುದಿಲ್ಲ. ಕ್ಲಿನಿಕ್ಕಿನಲ್ಲಿ ಸಣ್ಣ ಸಣ್ಣ ರೂಮು, ಬೇಕಾದಾಗ ಹಾಕಿ ಆರಿಸುವ ಕೆಲಸ. ಟ್ಯೂಷನ್ನಿನಲ್ಲಿ ಶಾಖಕ್ಕಿಂತ ಜಾಸ್ತಿ ತಲೆಗಳ ಲೆಕ್ಕ. ತುದಿಯದಕ್ಕೆ ಈಗಲೇ ಮೆಷಿನ್ನೇ ಬೇಡ. ನಾಲ್ಕಕ್ಕೂ ಒಂದೇ ಬಗೆಯ ಎಸಿ ಬರೆದುಕೊಂಡು ಬರುವವನ ಕೊಟೇಶನ್ ಪಕ್ಕಕ್ಕಿಡಿ.

ಟನ್ ಅಂದರೇನು ಅಂತ ಒಂದು ಸಲ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಮೆಷಿನ್ನಿನ ತೂಕ ಅಂದುಕೊಂಡವರನ್ನೂ ನೋಡಿದ್ದೇನೆ. ಹಿಂದೆ ಮಂಜುಗಡ್ಡೆ ಇಟ್ಟು ತಂಪು ಮಾಡುತ್ತಿದ್ದ ಕಾಲದ ಲೆಕ್ಕ ಅದು. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು. ಈಗಿನ ಲೆಕ್ಕದಲ್ಲಿ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖ. ಈ 3.5 ನೆನಪಿಟ್ಟುಕೊಳ್ಳಿ, ಮುಂದೆಲ್ಲ ಇದೇ ಬೇಕು.

ಕೂತಿರುವ ಒಬ್ಬ ಮನುಷ್ಯ ಸುಮಾರು 130 ವ್ಯಾಟ್ ಶಾಖ ಬಿಡುತ್ತಾನೆ. ಇಷ್ಟೇ ಆಗಿದ್ದರೆ ಸುಲಭವಿತ್ತು. ಆದರೆ ಜನ ಇದ್ದ ಕಡೆ ಹೊರಗಿನ ಗಾಳಿಯೂ ಒಳಗೆ ಬರಬೇಕು. ಏಪ್ರಿಲ್ ಮಧ್ಯಾಹ್ನ ಹೊರಗೆ 36 ಡಿಗ್ರಿ ಇರುತ್ತದೆ, ಒಳಗೆ ನಮಗೆ 24 ಬೇಕು. ಒಬ್ಬರಿಗೆ ನಿಮಿಷಕ್ಕೆ 15 ಘನ ಅಡಿ ಹೊಸ ಗಾಳಿ ಕೊಟ್ಟರೆ ಅದನ್ನು ತಣ್ಣಗೆ ಮಾಡಲು ಇನ್ನೊಂದು 100 ವ್ಯಾಟ್ ಹತ್ತಿರ ಹೋಗುತ್ತದೆ. ಹಾಗಾಗಿ ತಲೆಗೆ 230 ವ್ಯಾಟ್ ಹಿಡಿಯಿರಿ. 60 ಮಕ್ಕಳು ಅಂದರೆ 13.8 ಕಿಲೋವ್ಯಾಟ್. ಗೋಡೆ, ಕಿಟಕಿ, ಲೈಟು ಯಾವುದನ್ನೂ ಮುಟ್ಟುವ ಮೊದಲೇ 4 ಟನ್ ಹತ್ತಿರ ಆಯಿತು. ಅದೇ ರೂಮಿಗೆ ಚದರಡಿ ಲೆಕ್ಕ ಹಾಕಿದ್ದ ಪುಣ್ಯಾತ್ಮ 3 ಟನ್ ಬರೆದುಕೊಂಡು ಬಂದಿದ್ದ.

ಇಲ್ಲೇ ಒಂದು ಮಾತು. ಸ್ಪ್ಲಿಟ್ ಎಸಿ ಹೊರಗಿನಿಂದ ಗಾಳಿ ತರುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಇಲ್ಲ. ರೂಮಿನ ಗಾಳಿಯನ್ನೇ ಸುತ್ತಿಸಿ ಸುತ್ತಿಸಿ ತಣ್ಣಗೆ ಮಾಡುತ್ತದೆ, ಅಷ್ಟೆ. ಹೊರಗಿನ ಯೂನಿಟ್ಟಿಗೂ ಒಳಗಿನದಕ್ಕೂ ನಡುವೆ ಓಡಾಡುವುದು ಗ್ಯಾಸು, ಗಾಳಿಯಲ್ಲ. ಬಾಗಿಲು ಮುಚ್ಚಿದ ರೂಮಿನಲ್ಲಿ 60 ಮಕ್ಕಳು ಎರಡು ಗಂಟೆ ಕೂತರೆ ತೂಕಡಿಸುತ್ತಾರೆ, ಮೇಷ್ಟ್ರಿಗೆ ತಲೆನೋವು ಬರುತ್ತದೆ, ಆಮೇಲೆ ಎಸಿಯನ್ನು ಬೈಯುತ್ತಾರೆ. ಫಿಲ್ಟರ್ ಇರುವ ಒಂದು ಫ್ರೆಶ್ ಏರ್ ಫ್ಯಾನ್ ಹಾಕಿಸಿ. ಎಸಿಯ ಮುಂದೆ ಅದರ ಖರ್ಚು ಏನೂ ಅಲ್ಲ.

ಗಾಜಿನ ಮೋಹ

ನಮ್ಮೂರಲ್ಲಿ ಈಗ ಎಲ್ಲರಿಗೂ ಮುಂಭಾಗ ಪೂರ್ತಿ ಗಾಜು ಬೇಕು. ಬೆಂಗಳೂರಲ್ಲಿ ನೋಡಿ ಬಂದಿರುತ್ತಾರೆ. ಗಾಜು ಪೂರ್ವಕ್ಕೋ ಉತ್ತರಕ್ಕೋ ಇದ್ದರೆ ಹೇಗೋ ಆಗುತ್ತದೆ. ಪಶ್ಚಿಮಕ್ಕಿದ್ದರೆ ಮಧ್ಯಾಹ್ನ 3ರಿಂದ ಸೂರ್ಯ ನೇರವಾಗಿ ಅಂಗಡಿಯೊಳಗೆ ಬಂದು ಕೂರುತ್ತಾನೆ. ಬರೀ ಸಾದಾ ಗಾಜಾದರೆ ಆ ಹೊತ್ತಿನಲ್ಲಿ ಚದರ ಮೀಟರಿಗೆ 400–500 ವ್ಯಾಟ್ ಒಳಗೆ ಬರುತ್ತದೆ. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ, ಪಶ್ಚಿಮದ 100 ಚದರಡಿ ಗಾಜಿಗೆ 1 ಟನ್ನಿಗಿಂತ ಸ್ವಲ್ಪ ಜಾಸ್ತಿ. ಭಾವನ ಅಂಗಡಿಗೆ 200 ಚದರಡಿ ಗಾಜು ಪಶ್ಚಿಮಕ್ಕಿತ್ತು. ಅಂದರೆ 2 ಟನ್ನಿಗೂ ಮಿಗಿಲಾದ ಎಸಿ ಬರೀ ಗಾಜಿನ ಚಂದಕ್ಕೆ, ಅದರ ಕರೆಂಟು ಪ್ರತಿ ಬೇಸಿಗೆಯೂ ಕಟ್ಟಬೇಕು.

ಒಳಗಡೆ ಪರದೆ ಹಾಕಿದರೆ ಸಾಲದು, ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ. ಹೊರಗಡೆ ನೆರಳು ಬೇಕು. ಸಜ್ಜ, ಲೂವರ್ ಅನ್ನುವ ಓರೆ ಪಟ್ಟಿಗಳು, ಚಾಚಿಕೊಂಡ ಬೋರ್ಡು, ಏನಾದರೂ ಸರಿ. ಭಾವ ಮೂರಡಿ ಸಜ್ಜ ಚಾಚಿಸಿ ಅದರ ಕೆಳಗೆ ಲೂವರ್ ಪಟ್ಟಿ ಇಳಿಬಿಟ್ಟರು. ಅಂಗಡಿಯ ಹೆಸರಿನ ಬೋರ್ಡೂ ಅದರ ಮೇಲೇ ಕೂತಿತು.

ತುದಿಯ ಮಹಡಿಯ ತಾರಸಿಯೂ ಹೀಗೇ. ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ಸಂಜೆ ಒಳಗೆ ಬಿಡುತ್ತದೆ. ಅದಕ್ಕೇ ಸಂಜೆ 7ಕ್ಕೆ ಹೊರಗೆ ತಂಗಾಳಿ ಬೀಸುತ್ತಿದ್ದರೂ ಮೇಲಿನ ರೂಮು ಕುದಿಯುತ್ತಿರುತ್ತದೆ. ಬಿಳಿ ಕೂಲ್ ರೂಫ್ ಬಣ್ಣ ಹೊಡೆಸಿ, ಅಥವಾ ಸೋಲಾರ್ ಪ್ಯಾನಲ್ ಹಾಕಿ ನೆರಳು ಮಾಡಿ. ಇದನ್ನು ಎಸಿಗೆ ಮೊದಲು ಮಾಡಬೇಕು. ಮೆಷಿನ್ ಕೊಂಡ ಮೇಲೆ ಶಾಖ ಕಡಿಮೆ ಮಾಡಿದರೆ ಟನ್ನಿನ ದುಡ್ಡು ವಾಪಸ್ ಬರುವುದಿಲ್ಲವಲ್ಲ.

ನೆರಳು ಮಾಡಿ, ತಲೆ ಎಣಿಸಿ, ಲೈಟು, ಬಾಗಿಲು ತೆಗೆದು ಹಾಕುವುದು ಎಲ್ಲ ಸೇರಿಸಿದ ಮೇಲೆ ಬಟ್ಟೆ ಅಂಗಡಿಗೆ ಬಂದದ್ದು 11 ಟನ್. ಚದರಡಿ ಲೆಕ್ಕದವನು ಬರೆದಿದ್ದು 15.

ಯಾವ ಜಾಗಕ್ಕೆ ಯಾವ ಬಗೆ

ಸ್ಪ್ಲಿಟ್ಟನ್ನು ಕೀಳಾಗಿ ನೋಡಬೇಡಿ. ಸಣ್ಣ ಆಫೀಸು, ಕ್ಲಿನಿಕ್ಕು, ಬ್ಯಾಂಕಿನ ಮ್ಯಾನೇಜರ್ ರೂಮು, ಸರ್ವರ್ ರೂಮು, ಎಲ್ಲಕ್ಕೂ ಸಲೀಸು. ಒಂದು ಕೆಟ್ಟರೆ ಒಂದು ರೂಮು ಮಾತ್ರ ಬಿಸಿ, ಉಳಿದವು ನಡೆಯುತ್ತವೆ. ಯಾವ ಓಣಿಯಲ್ಲಾದರೂ ರಿಪೇರಿಗೆ ಹುಡುಗ ಸಿಗುತ್ತಾನೆ. ಸರ್ವರ್ ರೂಮಿಗಂತೂ ಬೇರೆ ಸ್ಪ್ಲಿಟ್ ಇರಲೇಬೇಕು, ಯಾಕೆಂದರೆ ಅದು ರಾತ್ರಿಯೂ ಓಡಬೇಕು, ಅದಕ್ಕೋಸ್ಕರ ಇಡೀ ಮಹಡಿಯ ಎಸಿ ಓಡಿಸುವುದು ಮೂರ್ಖತನ. ಸ್ಪ್ಲಿಟ್ಟಿನ ತೊಂದರೆ ಇರುವುದು ದೊಡ್ಡ ಹಾಲ್‌ನಲ್ಲಿ. ಗೋಡೆಯ ಪಕ್ಕ ಕೂತವರಿಗೆ ಚಳಿ, ನಡುವೆ ಕೂತವರಿಗೆ ಬೆವರು.

ದೊಡ್ಡ ತೆರೆದ ರೂಮಿಗೆ ಕ್ಯಾಸೆಟ್ ಒಳ್ಳೆಯದು. ಚಾವಣಿಯಿಂದ ನಾಲ್ಕೂ ಕಡೆ ಗಾಳಿ ಬಿಡುತ್ತದೆ. ಫಾಲ್ಸ್ ಸೀಲಿಂಗ್ ಮೇಲೆ ಸುಮಾರು ಒಂದಡಿ ಜಾಗ ಬೇಕು, ಇದನ್ನು ಸೀಲಿಂಗ್ ಮಾಡುವವನಿಗೆ ಮೊದಲೇ ಹೇಳಿ. ಟ್ಯೂಷನ್ ಹಾಲ್‌ಗೆ 3 ಟನ್ನಿನ ಎರಡು ಕ್ಯಾಸೆಟ್ ಹಾಕಿಸಿದೆವು.

ಡಕ್ಟಬಲ್ ಅಂದರೆ ಮೆಷಿನ್ ಒಂದು ಕಡೆ, ತಗಡಿನ ಡಕ್ಟಿನಲ್ಲಿ ಗಾಳಿ ಎಲ್ಲ ಕಡೆ. ಬಟ್ಟೆ ಅಂಗಡಿ, ಚಿನ್ನದಂಗಡಿ, ಹೋಟೆಲಿನ ಊಟದ ಹಾಲ್, ಛತ್ರ, ಇಂಥವಕ್ಕೆ ಹೇಳಿ ಮಾಡಿಸಿದ್ದು. ಗೋಡೆಯ ಮೇಲೆ ಏನೂ ಕಾಣುವುದಿಲ್ಲ, ಸೀರೆ ಜೋಡಿಸುವ ರ‍್ಯಾಕಿಗೆ ಜಾಗ ಉಳಿಯುತ್ತದೆ. 5.5, 8.5, 11 ಟನ್ ಹೀಗೆ ಸಿಗುತ್ತವೆ. ಭಾವನಿಗೆ ಒಂದೇ 11 ಟನ್ನಿನದು ಕೊಡಲು ನೋಡಿದರು, ಅಗ್ಗ ಅಂತ. ನಾನು 5.5ರ ಎರಡು ಇನ್ವರ್ಟರ್ ಎಸಿ, ಅಂದರೆ ಬೇಕಾದಷ್ಟಕ್ಕೆ ವೇಗ ಇಳಿಸಿಕೊಂಡು ಓಡುವ ಬಗೆ, ಹಾಕಿಸಿ ಅಂದೆ. ಹಾಳೆ ನೋಡಿ: ಮಾಮೂಲಿ ದಿನ 15 ಜನ, ಸೀಸನ್ನಿನಲ್ಲಿ 50. ಮಾಮೂಲಿ ದಿನಕ್ಕೆ ಬೆಳಗಿನ ಹೊತ್ತು ಒಂದೇ ಸಾಕು. ಯುಗಾದಿಯ ಹಿಂದಿನ ದಿನ ಒಂದು ಕೈಕೊಟ್ಟರೂ ಇನ್ನೊಂದು ಮರ್ಯಾದೆ ಉಳಿಸುತ್ತದೆ.

ವಿಆರ್‌ಎಫ್ ಈಗಿನ ಫ್ಯಾಶನ್. ತಾರಸಿಯ ಮೇಲೆ ಒಂದು ದೊಡ್ಡ ಯೂನಿಟ್, ಅದರಿಂದ ಒಳಗೆ ಹತ್ತು ಹದಿನೈದು ಯೂನಿಟ್, ಪ್ರತಿ ರೂಮಿಗೂ ಬೇರೆ ಬೇರೆ ರಿಮೋಟು. ವಿಆರ್‌ವಿ ಅಂದರೂ ಇದೇ, ಆ ಹೆಸರು ಡೈಕಿನ್ ಕಂಪನಿಯದು, 1982ರಲ್ಲಿ ಅವರೇ ಮೊದಲು ತಂದದ್ದು. ಅರ್ಧ ಲೋಡಿನಲ್ಲಿ ಓಡುವಾಗ ಕರೆಂಟು ಚೆನ್ನಾಗಿ ಉಳಿಸುತ್ತದೆ. ತಾಮ್ರದ ಪೈಪನ್ನು ಸ್ಪ್ಲಿಟ್ಟಿಗಿಂತ ಎಷ್ಟೋ ದೂರ ಎಳೆಯಬಹುದು. ಒಂದೇ ಕಂಪನಿ ಇಡೀ ಮಹಡಿ ಹಿಡಿದು ಹತ್ತು ಕ್ಯಾಬಿನ್ ಮಾಡಿದರೆ, ಅಥವಾ ಲಾಡ್ಜು ಕಟ್ಟಿದರೆ ಖಂಡಿತ ನೋಡಿ. ಆದರೆ ಎಲ್ಲೋ ಒಂದು ಜಾಯಿಂಟಿನಲ್ಲಿ ಗ್ಯಾಸ್ ಸೋರಿದರೆ ಆ ಪೈಪಿನ ಮೇಲಿರುವ ಎಲ್ಲ ರೂಮೂ ನಿಲ್ಲುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಸುಟ್ಟರೆ ಓಣಿಯ ಹುಡುಗನಿಗೆ ಆಗುವುದಿಲ್ಲ, ಕಂಪನಿಯಲ್ಲಿ ತರಬೇತಿ ಆದವನೇ ಬರಬೇಕು. "ತುಮಕೂರಿನಲ್ಲೇ ಇರುವ ನಿಮ್ಮ ವಿಆರ್‌ಎಫ್ ಹುಡುಗ ಯಾರು, ನಂಬರ್ ಕೊಡಿ" ಅಂತ ಸೀದಾ ಕೇಳಿ. ಬೆಂಗಳೂರಿನಿಂದ 70 ಕಿಲೋಮೀಟರ್, ನೆಲಮಂಗಲದ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ನಿಮ್ಮ ಬಾಡಿಗೆದಾರ ಬೆಂದಿರುತ್ತಾನೆ.

ಚಿಲ್ಲರ್, ಅಂದರೆ ನೀರನ್ನು ತಣ್ಣಗೆ ಮಾಡಿ ಕಟ್ಟಡದ ತುಂಬ ಪೈಪಿನಲ್ಲಿ ಹರಿಸುವ ಮೆಷಿನ್, ಅದರ ಬಗ್ಗೆ ಸಣ್ಣದಾಗಿ ಹೇಳುತ್ತೇನೆ. ದೊಡ್ಡ ಆಸ್ಪತ್ರೆ, ಮಾಲ್, 100 ಟನ್ನಿಗಿಂತ ಮೇಲಿನ ಮಾತು ಅದು. ಅದರಲ್ಲಿ ನೀರಿನಿಂದ ತಣಿಸುವ ಬಗೆ ಕರೆಂಟಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗ. ನಮ್ಮ ಕಡೆ ತೊಡಕು ಇರುವುದು ಕರೆಂಟಿನದಲ್ಲ, ನೀರಿನದು. ಕೂಲಿಂಗ್ ಟವರಿನಲ್ಲಿ ಒಂದು ಟನ್ನಿಗೆ ಗಂಟೆಗೆ ಏಳೆಂಟು ಲೀಟರ್ ನೀರು ಆರಿ ಹೋಗುತ್ತದೆ, ಉಳಿದು ಗಡುಸಾದ ನೀರನ್ನು ತೆಗೆದು ಚೆಲ್ಲುವುದು ಬೇರೆ. 100 ಟನ್ ಹತ್ತು ಗಂಟೆ ಪೂರ್ತಿ ಓಡಿದರೆ ದಿನಕ್ಕೆ ಏಳೆಂಟು ಸಾವಿರ ಲೀಟರ್. ಒಂದು ದೊಡ್ಡ ಟ್ಯಾಂಕರ್ ಅದು. ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದರೆ ಉಂಟು, ಕೋಲಾರ ಚಿಕ್ಕಬಳ್ಳಾಪುರದಲ್ಲಿ ಬೋರ್‌ವೆಲ್ ಎಷ್ಟು ಆಳ ಹೋಗಿದೆ ಅಂತ ನಾನು ಹೇಳಬೇಕಿಲ್ಲ. ಮೇಲಾಗಿ ಬೋರಿನ ಗಡುಸು ನೀರು, ಸ್ನಾನದ ಗೀಸರಿನಲ್ಲಿ ಬಿಳಿ ಸುಣ್ಣ ಕಟ್ಟುವ ಹಾಗೆ ಇಲ್ಲೂ ಕಟ್ಟುತ್ತದೆ. ಈ ಮೂರು ಜಿಲ್ಲೆಗಳಲ್ಲಿ ಗಾಳಿಯಿಂದ ತಣಿಸುವುದನ್ನೇ ಹಾಕಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಎಲ್ಲ ಕಡೆ ಎಸಿಯೇ ಯಾಕೆ? ಅಂತರಸನಹಳ್ಳಿ, ವಸಂತನರಸಾಪುರದ ಶೆಡ್ಡು, ಗೋಡೌನು, ಹೋಟೆಲಿನ ಅಡುಗೆಮನೆ, ಇಲ್ಲೆಲ್ಲ ಡಕ್ಟ್ ಇರುವ ದೊಡ್ಡ ಏರ್ ಕೂಲರ್ ನಡೆಯುತ್ತದೆ. ನಮ್ಮಲ್ಲಿ ಮಾರ್ಚ್–ಏಪ್ರಿಲ್ ಮಧ್ಯಾಹ್ನದ ಗಾಳಿ ಒಣಗಿರುತ್ತದೆ, ಕೂಲರ್ ಕೆಲಸ ಮಾಡುವುದೇ ಒಣ ಗಾಳಿಯಲ್ಲಿ. ಮಳೆ ಹಿಡಿದ ಮೇಲೆ ಅದು ಬರೀ ಫ್ಯಾನು. ಆಗ ನಮ್ಮೂರಲ್ಲಿ ಫ್ಯಾನೇ ಸಾಕು, ಅಲ್ವಾ?

ಛತ್ರದವರು ಇದನ್ನು ಓದಿ

ಕ್ಯಾತ್ಸಂದ್ರದ ಕಡೆ ಛತ್ರ ಇರುವ ಪರಿಚಯದವರೊಬ್ಬರು 5 ಸ್ಟಾರ್ ಬೇಕು, ಇನ್ವರ್ಟರ್ ಬೇಕು ಅಂತ ಹಟ ಹಿಡಿದಿದ್ದರು. ಅವರ ಜೊತೆ ಕೂತು ಲೆಕ್ಕ ಹಾಕಿದೆ. 500 ಜನಕ್ಕೆ ತಲೆಗೆ 230 ವ್ಯಾಟಿನಂತೆ 115 ಕಿಲೋವ್ಯಾಟ್, ಜನರಿಗೇ 33 ಟನ್ ಹತ್ತಿರ. ಉಳಿದದ್ದು ಸೇರಿಸಿ 40 ಟನ್ ಅನ್ನಿ. ವರ್ಷಕ್ಕೆ 50 ಮದುವೆ, ದಿನಕ್ಕೆ ಹತ್ತು ಗಂಟೆ, ನೂರಕ್ಕೆ 80ರಷ್ಟು ಲೋಡ್. ಅಲ್ಲಿಗೆ 16,000 ಟನ್-ಗಂಟೆ. ಸಾದಾ ಡಕ್ಟಬಲ್ ಟನ್ನಿಗೆ 1.3 ಕಿಲೋವ್ಯಾಟ್ ತಿಂದರೆ ಒಳ್ಳೆಯದು 1 ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಉಳಿತಾಯ 4,800 ಯೂನಿಟ್. ಯೂನಿಟ್ಟಿಗೆ 9 ರೂಪಾಯಿ ಹಿಡಿದರೆ 43,200 ರೂಪಾಯಿ.

ಈಗ ಭಾವನ ಅಂಗಡಿ. ಬರೀ 10 ಟನ್ ಹಿಡಿಯೋಣ, ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 300 ದಿನ, ನೂರಕ್ಕೆ 60 ಲೋಡ್. 18,000 ಟನ್-ಗಂಟೆ ಆಯಿತು. ಉಳಿತಾಯ 5,400 ಯೂನಿಟ್, 48,600 ರೂಪಾಯಿ.

ಛತ್ರದ ಎಸಿ ನಾಲ್ಕು ಪಟ್ಟು ದೊಡ್ಡದು, ಉಳಿತಾಯ ಮಾತ್ರ ಅಂಗಡಿಗಿಂತ ಕಡಿಮೆ! ದುಬಾರಿ ಮೆಷಿನ್ನಿಗೆ ನಾಲ್ಕು ಪಟ್ಟು ಹೆಚ್ಚು ದುಡ್ಡು ಕೊಟ್ಟು ಇಷ್ಟು ಉಳಿಸುವ ಬದಲು, ಛತ್ರಕ್ಕೆ ಸಾದಾ ಡಕ್ಟಬಲ್ ಹಾಕಿ ಉಳಿದ ದುಡ್ಡನ್ನು ಜನರೇಟರಿಗೆ ಹಾಕಿ ಅಂದೆ. ಮುಹೂರ್ತದ ಹೊತ್ತಿಗೆ ಕರೆಂಟ್ ಹೋದರೆ ಯಾವ ಸ್ಟಾರೂ ಕಾಪಾಡುವುದಿಲ್ಲ. ಇನ್ನೊಂದು, ಮಂಟಪದ ಹತ್ತಿರ ರಿಟರ್ನ್ ಏರ್ ಜಾಲರಿ, ಅಂದರೆ ಮೆಷಿನ್ ಗಾಳಿ ವಾಪಸ್ ಎಳೆದುಕೊಳ್ಳುವ ಜಾಲರಿ, ಇಡಿಸಬೇಡಿ. ಹೋಮದ ಹೊಗೆ, ತುಪ್ಪದ ಜಿಡ್ಡು ಎಲ್ಲ ಫಿಲ್ಟರಿಗೆ ಮೆತ್ತಿಕೊಂಡು ಮುಂದಿನ ಮದುವೆಯವರಿಗೆ ಹಿಂದಿನ ಮದುವೆಯ ವಾಸನೆ ಬರುತ್ತದೆ.

ಮೀಟರು ಯಾರದು

ಕಟ್ಟಡ ಬಾಡಿಗೆಗೆ ಕೊಡುವವರು ಎಲ್ಲರೂ ಮರೆಯುವುದು ಇದನ್ನೇ. ಮೂರು ಬಾಡಿಗೆದಾರರಿಗೆ ಸೇರಿ ಒಂದೇ ವಿಆರ್‌ಎಫ್ ಹಾಕಿದರೆ ಅದರ ಬಿಲ್ಲು ಯಾರ ಆರ್‌ಆರ್ ನಂಬರಿಗೆ? ಹಂಚುವ ಸಾಫ್ಟ್‌ವೇರ್ ಕೊಡುತ್ತಾರೆ, ಸರಿ. ಆದರೆ ತಿಂಗಳು ತಿಂಗಳು "ನಾನು ಊರಲ್ಲೇ ಇರ್ಲಿಲ್ಲ, ನನಗ್ಯಾಕೆ ಇಷ್ಟು" ಅನ್ನುವ ಜಗಳಕ್ಕೆ ಯಾವ ಸಾಫ್ಟ್‌ವೇರೂ ಇಲ್ಲ. ಪ್ರತಿ ಬಾಡಿಗೆದಾರನ ಎಸಿ ಅವನದೇ ಮೀಟರಿನ ಮೇಲೆ ಓಡುವ ಹಾಗೆ ಬೇರೆ ಬೇರೆ ಮಾಡಿ. ಯಾರು ಬರುತ್ತಾರೋ ಗೊತ್ತಿಲ್ಲದ ಮಹಡಿಗೆ ತಾರಸಿಯಲ್ಲಿ ಯೂನಿಟ್ ಕೂರಿಸಲು ಜಾಗ, ಪೈಪಿಗೆ ಗೋಡೆಯಲ್ಲಿ ತೂತು, ನೀರು ಹೋಗಲು ಡ್ರೈನ್ ಪೈಪು, ಕರೆಂಟಿನ ಕೇಬಲ್, ಇಷ್ಟು ಬಿಟ್ಟು ಸುಮ್ನೆ ಇರಿ. ಭಾವನ ಪ್ರಶ್ನೆ ಚಿಹ್ನೆಗೆ ಮಾಡಿದ್ದು ಇದನ್ನೇ.

ಬೆಸ್ಕಾಂ ಲೋಡ್ ಮೊದಲೇ ಲೆಕ್ಕ ಹಾಕಿ. 11 ಟನ್ ಸಾದಾ ಡಕ್ಟಬಲ್ 13–14 ಕಿಲೋವ್ಯಾಟ್ ಎಳೆಯುತ್ತದೆ. ಮಂಜೂರಾದ ಲೋಡ್ ಮೀರಿದರೆ ಬಿಲ್ಲಿನಲ್ಲಿ ದಂಡ ಬೀಳುತ್ತದೆ, ಬೇಕಿಲ್ಲದೆ ಜಾಸ್ತಿ ಮಂಜೂರು ಮಾಡಿಸಿಕೊಂಡರೆ ಕಿಲೋವ್ಯಾಟಿಗೆ ಇಷ್ಟು ಅಂತ ಪ್ರತಿ ತಿಂಗಳೂ ನಿಗದಿ ಶುಲ್ಕ ಕಟ್ಟಬೇಕು. ಟನ್ ಸುಮ್ನೆ ಜಾಸ್ತಿ ಹಾಕಿಸಿಕೊಂಡವರು ಇಲ್ಲೂ ಕೊಡುತ್ತಾರೆ. ಕಟ್ಟಡದ ಒಟ್ಟು ಲೋಡ್ 100 ಕಿಲೋವ್ಯಾಟ್ ಮುಟ್ಟುವ ಹಾಗಿದ್ದರೆ ಇಂಧನ ಉಳಿತಾಯದ ಕಟ್ಟಡ ಸಂಹಿತೆ, ಅಂದರೆ ಇಸಿಬಿಸಿ, ಲೆಕ್ಕಕ್ಕೆ ಬರುತ್ತದೆ. ಆರ್ಕಿಟೆಕ್ಟನ್ನು ನಕ್ಷೆಯ ಹಂತದಲ್ಲೇ ಕೇಳಿ.

ಕೊಟೇಶನ್ ಓದುವುದು

ಮೂರು ಕೊಟೇಶನ್ ತರಿಸಿ. ಕೊನೆಯ ಸಾಲಿನ ಮೊತ್ತ ಆಮೇಲೆ ನೋಡಿ.

ವಿಆರ್‌ಎಫ್ ಕೊಟೇಶನ್ನಿನಲ್ಲಿ "10 ಎಚ್‌ಪಿ" ಅಂತ ಇರುತ್ತದೆ. ಅದು 10 ಟನ್ ಅಲ್ಲ, 28 ಕಿಲೋವ್ಯಾಟ್, ಅಂದರೆ 8 ಟನ್. ಇನ್ನು ಕೆಲವರು ಒಳಗಿನ ಯೂನಿಟ್ಟುಗಳನ್ನೆಲ್ಲ ಕೂಡಿಸಿ ಒಟ್ಟು ಟನ್ ತೋರಿಸುತ್ತಾರೆ. ಒಳಗಿನವು ಹೊರಗಿನದಕ್ಕಿಂತ ನೂರಕ್ಕೆ 30ರಷ್ಟು ಜಾಸ್ತಿ ಇರಬಹುದು, ಅದೇನೂ ಮೋಸವಲ್ಲ, ಎಲ್ಲ ರೂಮೂ ಒಟ್ಟಿಗೆ ಓಡುವುದಿಲ್ಲ ಅನ್ನುವ ಲೆಕ್ಕ. ಆದರೆ ಎರಡು ಕೊಟೇಶನ್ ಹೋಲಿಸುವಾಗ ಹೊರಗಿನ ಯೂನಿಟ್ಟಿನ ಕಿಲೋವ್ಯಾಟನ್ನೇ ಹೋಲಿಸಿ. ಸ್ಪ್ಲಿಟ್ಟಿನಲ್ಲೂ ಇದೇ. ಒಂದೂವರೆ ಟನ್ ಅಂದರೆ 5.27 ಕಿಲೋವ್ಯಾಟ್ ಇರಬೇಕು, ಲೇಬಲ್ ಓದಿದರೆ ಕೆಲವು ಮಾಡೆಲ್ಲುಗಳಲ್ಲಿ 5ಕ್ಕಿಂತ ಕೆಳಗೆ ಇರುತ್ತದೆ.

ಸ್ಟಾರ್ ಎಣಿಸುವುದಕ್ಕಿಂತ ಲೇಬಲ್ಲಿನಲ್ಲಿರುವ ಐಎಸ್‌ಇಇಆರ್ ಅಂಕಿ, ಅಂದರೆ ತಿಂದ ಕರೆಂಟಿಗೆ ಎಷ್ಟು ತಂಪು ಕೊಡುತ್ತದೆ ಅನ್ನುವ ಲೆಕ್ಕ, ನೋಡಿ, ಯಾಕೆಂದರೆ ಸ್ಟಾರಿನ ಲೆಕ್ಕವನ್ನು ಆಗಾಗ ಬಿಗಿ ಮಾಡುತ್ತಾರೆ. ಹಳೇ ಸ್ಟಾಕಿನ 5 ಸ್ಟಾರೂ ಹೊಸದರ 5 ಸ್ಟಾರೂ ಒಂದೇ ಅಲ್ಲ. ಲೇಬಲ್ಲಿನಲ್ಲಿ ಬರೆದಿರುವ ವರ್ಷದ ಯೂನಿಟ್ಟು 1,600 ಗಂಟೆಯ ಲೆಕ್ಕ, ಮನೆಯ ಬಳಕೆಗೆ ಸರಿ. ಅಂಗಡಿ ವರ್ಷಕ್ಕೆ 3,000 ಗಂಟೆ ಓಡುತ್ತದೆ.

ಗ್ಯಾಸು ಯಾವುದು ಕೇಳಿ. ಸ್ಪ್ಲಿಟ್ಟಿನಲ್ಲಿ ಈಗ ಹೆಚ್ಚಾಗಿ ಆರ್-32, ದೊಡ್ಡವುಗಳಲ್ಲಿ ಆರ್-410ಎ. ಬೆಂಗಳೂರಿನಲ್ಲಿ ಯಾವುದೋ ಆಫೀಸು ಮುಚ್ಚಿತು, ಅಗ್ಗಕ್ಕೆ ಸಿಗುತ್ತೆ ಅಂತ ಆರ್-22ರ ಹಳೇ ಮೆಷಿನ್ ತರಬೇಡಿ. ಅದು ಓಝೋನಿಗೆ ಕೆಡುಕು ಮಾಡುವ ಗ್ಯಾಸು, ಹಂತ ಹಂತವಾಗಿ ನಿಲ್ಲಿಸುತ್ತಿದ್ದಾರೆ, ಮುಂದೆ ತುಂಬಿಸಲು ಪರದಾಡಬೇಕಾಗುತ್ತದೆ. ಹಾಗೇ, 2025ರ ಸೆಪ್ಟೆಂಬರ್ 22ರಿಂದ ಎಸಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಕೊಟೇಶನ್ ಕೈಯಲ್ಲಿದ್ದರೆ ಹೊಸದು ಕೇಳಿ.

ತಾಮ್ರದ ಪೈಪಿನ ಗೇಜು, ಅದರ ಮೇಲಿನ ನೈಟ್ರೈಲ್ ರಬ್ಬರಿನ ದಪ್ಪ, ಪೈಪು ಎಷ್ಟು ಮೀಟರ್ ಸೇರಿದೆ, ಜಾಸ್ತಿಯಾದರೆ ಮೀಟರಿಗೆ ಎಷ್ಟು, ಸ್ಟ್ಯಾಂಡು, ಕೇಬಲ್ಲು, ಕ್ರೇನು, ಗೋಡೆ ಒಡೆದು ಮುಚ್ಚುವುದು ಯಾರ ಪಾಲಿಗೆ, ಎಲ್ಲ ಬರೆಸಿಕೊಳ್ಳಿ, ಯಾಕೆಂದರೆ ಅಗ್ಗದ ಕೊಟೇಶನ್ ಅಗ್ಗವಾಗಿರುವುದು ಇಲ್ಲೆಲ್ಲ ಬಾಯಿ ಮುಚ್ಚಿಕೊಂಡಿರುವುದರಿಂದ. ಎಎಂಸಿಯಲ್ಲಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದದಲ್ಲಿ, ಬಿಡಿಭಾಗ, ಕಂಪ್ರೆಸರ್, ಗ್ಯಾಸು ಸೇರಿದೆಯೋ ಅಥವಾ ಬರೀ ಬಂದು ತೊಳೆದು ಹೋಗುವುದೋ, ಅದನ್ನೂ ಬರೆಸಿ.

ಸಂದಿಯೊಳಗಿನ ಎಂಟು ಯೂನಿಟ್ಟು

ಈಗ ನನ್ನ ಕಥೆ. ನಮ್ಮ ಕಟ್ಟಡಕ್ಕೂ ಪಕ್ಕದವರ ಗೋಡೆಗೂ ನಡುವೆ ಮೂರಡಿ ಸಂದಿ. ಕಂಟ್ರಾಕ್ಟರ್ ಎಂಟು ಹೊರ ಯೂನಿಟ್ಟುಗಳನ್ನೂ ಅಲ್ಲೇ ಒಂದರ ಮೇಲೊಂದು ನೇತುಹಾಕಿದ. ಪೈಪು ಕಡಿಮೆ ಸಾಕಾಯಿತು, ಮುಂದಿನಿಂದ ಏನೂ ಕಾಣದು, ನನಗೂ ಖುಷಿ. ಏಪ್ರಿಲ್ಲಿನಲ್ಲಿ ದಿನಾ ಮಧ್ಯಾಹ್ನ 3ಕ್ಕೆ ಒಂದೊಂದೇ ಟ್ರಿಪ್ ಆಗಲು ಶುರು. ಗ್ಯಾಸ್ ಕಡಿಮೆ ಅಂದರು, ತುಂಬಿದರು. ವೋಲ್ಟೇಜು ಅಂದರು, ಸ್ಟೆಬಿಲೈಸರ್ ಕೊಂಡೆ. ಒಂದು ದಿನ ನಾನೇ ಸಂದಿಯೊಳಗೆ ಹೋಗಿ ನಿಂತೆ. ಕಾದ ಕಾವಲಿಗೆ ಮುಖ ಕೊಟ್ಟ ಹಾಗಿತ್ತು. ಕೆಳಗಿನ ಯೂನಿಟ್ ಬಿಟ್ಟ ಬಿಸಿ ಗಾಳಿ ಎದುರಿನ ಗೋಡೆಗೆ ಬಡಿದು ಮೇಲೇರಿ ಮೇಲಿನದರ ಬೆನ್ನಿಗೆ ಹೋಗುತ್ತಿತ್ತು, ಅದು ಇನ್ನಷ್ಟು ಬಿಸಿ ಮಾಡಿ ಅದರ ಮೇಲಿನದಕ್ಕೆ. ಎಸಿಯ ಟನ್ ಲೆಕ್ಕ ಇರುವುದು ಹೊರಗೆ 35 ಡಿಗ್ರಿ ಇದ್ದಾಗಿನದು. ಸಂದಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು, ಥರ್ಮಾಮೀಟರ್ ಏನೂ ಬೇಕಿರಲಿಲ್ಲ. ಮೆಷಿನ್ ಸರಿಯಾಗೇ ಇತ್ತು, ಉಸಿರು ಕಟ್ಟಿತ್ತು ಅಷ್ಟೆ. ಎಲ್ಲವನ್ನೂ ಬಿಚ್ಚಿ ತಾರಸಿಗೆ ಸಾಗಿಸಿದೆ. ತಾಮ್ರಕ್ಕೆ ಎರಡನೇ ಸಲ ದುಡ್ಡು ಕೊಟ್ಟೆ.

ಹಾಗಾಗಿ ಹೊರ ಯೂನಿಟ್ಟಿನ ಮುಂದೆ ಖಾಲಿ ಜಾಗ ಇರಲಿ. ಒಂದರ ಬಿಸಿ ಇನ್ನೊಂದರ ಮುಖಕ್ಕೆ ಹೊಡೆಯಬಾರದು. ತೊಳೆಯಲು ಹುಡುಗ ಹತ್ತಿರ ಹೋಗಿ ನಿಲ್ಲುವಂತಿರಬೇಕು, ಬಿ.ಎಚ್. ರಸ್ತೆಯ ದೂಳಿಗೆ ಎರಡು ತಿಂಗಳಿಗೆ ಕಾಯಿಲ್ ಮುಚ್ಚಿಹೋಗುತ್ತದೆ. ಕೇಬಲ್ ಹೋಗುವ ತೂತುಗಳನ್ನು ಮುಚ್ಚಿಸಿ, ಹಲ್ಲಿ ಒಳಗೆ ಹೋಗಿ ಬೋರ್ಡಿನ ಮೇಲೆ ಕೂತರೆ ಹಲ್ಲಿಯೂ ಹೋಯಿತು, ಬೋರ್ಡೂ ಹೋಯಿತು. ಕೋತಿ ಕಾಟ ಇರುವ ಕಡೆ ಪೈಪಿನ ಮೇಲಿನ ರಬ್ಬರನ್ನು ತಗಡಿನಿಂದ ಮುಚ್ಚಿಸಿ, ಇಲ್ಲದಿದ್ದರೆ ಸಿಪ್ಪೆ ಸುಲಿದ ಹಾಗೆ ಸುಲಿದುಹಾಕುತ್ತವೆ.

ಕೆಲಸ ನಡೆಯುವಾಗ ನೀವೇ ಅಲ್ಲಿ ಇರಿ, ಎರಡು ಕಡೆಯಾದರೂ. ಒಂದು, ಪೈಪು ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷೆ ಮಾಡುವಾಗ. ಆರ್-410ಎ ಆದರೆ 550 ಪಿಎಸ್‌ಐ ಸುಮಾರಿಗೆ ತುಂಬಿ 24 ಗಂಟೆ ಬಿಡುತ್ತಾರೆ, ಕಂಪನಿಯ ಪುಸ್ತಕದಲ್ಲಿ ಎಷ್ಟಿದೆ ನೋಡಿ. ಗೇಜಿನ ಫೋಟೋ ಹೊತ್ತು ಸಮೇತ ತೆಗೆದಿಟ್ಟು ಮಾರನೇ ದಿನ ಅದೇ ಹೊತ್ತಿಗೆ ಹೋಗಿ ನೋಡಿ. ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಆಮೇಲೆ ವ್ಯಾಕ್ಯೂಮ್ ಮಾಡದೆ, ಅಂದರೆ ಪೈಪಿನೊಳಗಿನ ಗಾಳಿ ತೇವ ಎಲ್ಲ ಪಂಪಿನಿಂದ ಎಳೆದು ತೆಗೆಯದೆ, ಗ್ಯಾಸ್ ಬಿಡಲು ಕೊಡಬೇಡಿ. ಎರಡು, ಸೀಲಿಂಗ್ ಮುಚ್ಚುವ ಮೊದಲು ಪ್ರತಿ ಒಳ ಯೂನಿಟ್ಟಿನ ಟ್ರೇಗೆ ಒಂದು ಚೊಂಬು ನೀರು ಸುರಿದು ನೋಡಿ. ಹೊರಗಿನ ಪೈಪಿನಲ್ಲಿ ಬಂದರೆ ಸರಿ. ಡ್ರೈನ್ ಪೈಪಿಗೆ 100ಕ್ಕೆ 1ರಷ್ಟಾದರೂ ಇಳಿಜಾರು ಇರಬೇಕು. ಇದನ್ನು ಮಾಡದೆ ಮುಚ್ಚಿದ ಸೀಲಿಂಗು ಮೊದಲ ಬೇಸಿಗೆಯಲ್ಲೇ ಕಾಫಿ ಬಣ್ಣದ ನಕ್ಷೆ ಬಿಡಿಸಿಕೊಳ್ಳುತ್ತದೆ.

ಶುರು ಮಾಡಿದ ಮೇಲೆ ರಿಮೋಟು 24ಕ್ಕಿಡಿ. 2020ರ ಜನವರಿಯಿಂದ ಸ್ಟಾರ್ ಲೇಬಲ್ಲಿನ ರೂಮ್ ಎಸಿಗಳು ಆನ್ ಮಾಡಿದಾಗ ಅಲ್ಲಿಗೇ ಬರುವ ಹಾಗೆ ಮಾಡಿದ್ದಾರೆ. ಒಂದು ಡಿಗ್ರಿ ಏರಿಸಿದರೆ ನೂರಕ್ಕೆ 6ರಷ್ಟು ಕರೆಂಟು ಉಳಿಯುತ್ತದೆ ಅನ್ನುವುದು ಸ್ಟಾರ್ ಲೇಬಲ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇಯ ಲೆಕ್ಕ. ಬೇಗ ತಣ್ಣಗಾಗಲಿ ಅಂತ 16ಕ್ಕಿಟ್ಟರೆ ಸಾದಾ ಎಸಿ ಒಂದು ಚೂರೂ ಬೇಗ ತಣ್ಣಗೆ ಮಾಡುವುದಿಲ್ಲ, ಮರೆತು ಬಿಟ್ಟರೆ ಸ್ವೆಟರ್ ಹಾಕಿಕೊಂಡು ಸೀರೆ ಮಾರಬೇಕಾಗುತ್ತದೆ.

ದುಡ್ಡು ಪೂರ್ತಿ ಕೊಡಬೇಡಿ. ಡಿಸೆಂಬರಿನಲ್ಲಿ ಹಾಕಿದ ಎಸಿ ನಮ್ಮೂರಲ್ಲಿ ಎಲ್ಲವೂ ಚೆನ್ನಾಗೇ ಓಡುತ್ತವೆ. ನೂರಕ್ಕೆ 10 ಉಳಿಸಿಕೊಂಡು, ಏಪ್ರಿಲ್ಲಿನ ಬಿಸಿ ಮಧ್ಯಾಹ್ನ 3 ಗಂಟೆಗೆ ಅಂಗಡಿ ತುಂಬ ಜನ ಇದ್ದಾಗ ನೋಡಿ ಕೊಡುತ್ತೇವೆ ಅಂತ ಆರ್ಡರಿನಲ್ಲೇ ಬರೆಸಿ. ಆ ದಿನ ಒಳಗೆ ಹೋಗುವ ಗಾಳಿ ಮತ್ತು ಹೊರಗೆ ಬರುವ ತಣ್ಣನೆ ಗಾಳಿ, ಎರಡಕ್ಕೂ ಥರ್ಮಾಮೀಟರ್ ಹಿಡಿಯಿರಿ. 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದು ರೂಮೂ 24–25ರಲ್ಲಿ ನಿಂತಿದ್ದರೆ ಚೆಕ್ ಬರೆದುಕೊಡಿ. ಭಾವ ಹಾಗೇ ಮಾಡಿದರು. ಟ್ಯೂಷನ್ ಹಾಲಿನ ಒಂದು ಕ್ಯಾಸೆಟ್ಟಿನಲ್ಲಿ ವ್ಯತ್ಯಾಸ 5 ಬಂತು, ಪೈಪು ಜೋಡಿಸುವ ಫ್ಲೇರ್ ನಟ್ಟಿನಲ್ಲಿ ಗ್ಯಾಸು ಸಣ್ಣಗೆ ಸೋರುತ್ತಿತ್ತು. ಮಾರನೇ ದಿನ ಬೆಳಿಗ್ಗೆ 9ಕ್ಕೇ ಹುಡುಗರು ಏಣಿ ಹೊತ್ತು ಬಂದಿದ್ದರು.